ಮನೆಯೇ ಪಾಠಶಾಲೆಯಾಗುವ ಮುನ್ನ



ಆದಿದೇವನು ಮಗಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ತಾನೇ ಕಲಿಸಿದನೆಂಬ ಪರಂಪರೆ ನಮ್ಮದು. ಮನೆಯ ಕಲಿಕೆ ನಮಗೆ ಹೊಸತಲ್ಲ. ಆದರೆ ಇಂದು ಅದನ್ನು ಶಾಲೆಗೆ ಬದಲಾಗಿ ಆರಿಸಿಕೊಳ್ಳುವವರು ಕಾನೂನನ್ನು ಅರಿತಿರಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನು ಗೊತ್ತುಪಡಿಸಿಲ್ಲ. ಮನೆಶಿಕ್ಷಣವನ್ನು ಹೆಸರಿಸಿ ನಿಷೇಧಿಸಿಯೂ ಇಲ್ಲ, ಮಾನ್ಯ ಮಾಡಿಯೂ ಇಲ್ಲ. ಈ ಮೌನವನ್ನು ಅನುಮತಿಯೆಂದು ಭಾವಿಸಲಾಗದು.

ಭದ್ರವಾದ ದಾರಿಯೊಂದುಂಟು: ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು; ಕನ್ನಡವನ್ನೂ ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ. ಅಲ್ಲಿಯವರೆಗೆ ಜನನ ಪ್ರಮಾಣಪತ್ರ, ಪಾಠಗಳ ದಿನಚರಿ, ಮಗು ಬರೆದ ಪುಸ್ತಕಗಳನ್ನು ವರ್ಷವಾರು ಜೋಡಿಸಿಡಿ.

ಇನ್ನೊಂದು ಮಾತು. ಮಗಳನ್ನು ಶಾಲೆ ಬಿಡಿಸಿ, ಮನೆಗೆಲಸಕ್ಕೆ ಹಚ್ಚಿ, ಅದಕ್ಕೆ ಮನೆಶಿಕ್ಷಣವೆಂದು ಹೆಸರಿಡುವುದು ವಂಚನೆ. ಆದಿದೇವನು ಕಲಿಸಿದ್ದು ಹೆಣ್ಣುಮಕ್ಕಳಿಗೆ. ಮನೆಯಲ್ಲಿ ಕಲಿಸುವ ಪ್ರತಿಯೊಬ್ಬ ತಂದೆತಾಯಿಯನ್ನೂ ಸಮಾಜವು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮಗಳು ಯಾವ ವರ್ಷ, ಯಾವ ಪರೀಕ್ಷೆಗೆ ಕೂರುತ್ತಾಳೆ?