ವೈರಿನ ಬೆಲೆ ಏರುವುದು ಎಲ್ಲಿಂದ?



ಮನೆ ಕಟ್ಟಿಸುತ್ತಿರುವವರಿಗೆ ಈ ಮಾತು ಚೆನ್ನಾಗಿ ಗೊತ್ತು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲೋ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ವೈರಿಗೆ ಕೊಟೇಷನ್ ಕೇಳಿದರೆ, ಅಂಗಡಿಯವರು ಬರೆದುಕೊಟ್ಟು, "ಇದು ಇವತ್ತಿನ ರೇಟು ಸಾರ್, ಮುಂದಿನ ವಾರ ಬಂದರೆ ಇದೇ ಇರುತ್ತೆ ಅಂತ ಹೇಳೋಕಾಗಲ್ಲ" ಎಂದು ಸೇರಿಸುತ್ತಾರೆ. ಸ್ವಿಚ್ಚು, ಫ್ಯಾನು, ಪೈಪುಗಳ ವಿಷಯದಲ್ಲಿ ಹೀಗೆ ಹೇಳುವುದು ಅಪರೂಪ. ಹಾಗಾಗಿ ಅಂಗಡಿಯವರ ಮೇಲೆ ಗಿರಾಕಿಗೆ ಅನುಮಾನ ಹುಟ್ಟುತ್ತದೆ. ಆ ಅನುಮಾನ ಬಹುಮಟ್ಟಿಗೆ ನ್ಯಾಯವಲ್ಲ. ವೈರಿನ ಬೆಲೆ ನಿರ್ಧಾರವಾಗುವುದು ಅವರ ಅಂಗಡಿಯಿಂದ ಬಹಳ ದೂರದಲ್ಲಿ.

ಮೊದಲು ಆ ಬಂಡಲನ್ನೇ ಕೈಗೆತ್ತಿಕೊಳ್ಳೋಣ. ಪ್ಲಗ್ ಪಾಯಿಂಟುಗಳಿಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರು, 90 ಮೀಟರ್ ಉದ್ದದ್ದು. ಮೇಲಿನ ಪಿವಿಸಿ ಹೊದಿಕೆಯನ್ನು ಸುಲಿದರೆ ಒಳಗೆ ಸಿಗುವ ತಾಮ್ರ ಹತ್ತಿರಹತ್ತಿರ 2 ಕಿಲೋ. ದೀಪಗಳಿಗೆ ಎಳೆಯುವ 1 ಸ್ಕ್ವೇರ್ ಎಂಎಂ ಬಂಡಲಿನಲ್ಲಿ ಸುಮಾರು 800 ಗ್ರಾಂ. ಕಾರ್ಖಾನೆಗೆ 8 ಎಂಎಂ ದಪ್ಪದ ಸರಳಾಗಿ ಬರುವ ತಾಮ್ರವನ್ನು ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳ ತೂತಿನಲ್ಲಿ ತೂರಿಸಿ ಎಳೆದೆಳೆದು ಕೂದಲೆಳೆಯಷ್ಟು ಸಣ್ಣಗೆ ಮಾಡುತ್ತಾರೆ. ಕಾಯಿಸಿ ಮೆತ್ತಗಾಗಿಸಿ, ಹಲವು ಎಳೆ ಸೇರಿಸಿ ಹುರಿಮಾಡಿ, ಮೇಲೆ ಪಿವಿಸಿ ತೊಡಿಸುತ್ತಾರೆ. ಇಷ್ಟೆಲ್ಲ ಕೆಲಸವಿದ್ದರೂ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಲೋಹದ್ದೇ. ಅದಕ್ಕೇ ತಾಮ್ರ ಏರಿದಂತೆ ವೈರೂ ಏರುತ್ತದೆ, ನಡುವೆ ತಡೆಯುವುದಕ್ಕೆ ಏನೂ ಇಲ್ಲ.

ತಾಮ್ರದ ಬೆಲೆಯನ್ನು ಲೋಕವೆಲ್ಲ ನೋಡಿಕೊಳ್ಳುವುದು 1877ರಲ್ಲಿ ಶುರುವಾದ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ. ಅಲ್ಲಿ ಇಂದಿಗೂ ಮುಖ್ಯವಾಗಿ ಹೇಳುವ ಬೆಲೆ ಮೂರು ತಿಂಗಳ ನಂತರದ್ದು. ಏಕೆಂದರೆ ಚಿಲಿ ದೇಶದಿಂದ ತಾಮ್ರ ಹೊತ್ತ ಹಡಗು ಇಂಗ್ಲೆಂಡು ಮುಟ್ಟಲು ಆಗ ಅಷ್ಟು ಕಾಲ ಹಿಡಿಯುತ್ತಿತ್ತು. ಆ ಬೆಲೆ ಟನ್ನಿಗೆ ಇಷ್ಟು ಡಾಲರ್ ಎಂದು. ನಮ್ಮ ಕಷ್ಟ ಇಲ್ಲಿ ಇಮ್ಮಡಿಯಾಗುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಟನ್ನಿಗೆ 10,000 ಡಾಲರ್, ಡಾಲರಿಗೆ 80 ರೂಪಾಯಿ. ಕಿಲೋ ತಾಮ್ರಕ್ಕೆ 800 ರೂಪಾಯಿ ಆಯಿತು. ಲಂಡನ್ನಿನಲ್ಲಿ ಬೆಲೆ 12,000 ಆಗಿ, ಡಾಲರ್ 88ಕ್ಕೆ ಹೋದರೆ ಅದೇ ಕಿಲೋಗೆ 1,056. ಅಲ್ಲಿ ಏರಿದ್ದು ಶೇಕಡಾ 20, ನಮಗೆ ತಟ್ಟಿದ್ದು ಶೇಕಡಾ 32. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಬೆಲೆ ಏರಿದಷ್ಟೂ ತೆರಿಗೆಯ ಮೊತ್ತವೂ ಏರುತ್ತದೆ.

ಹಾಗಾದರೆ ಲಂಡನ್ನಿನ ಬೆಲೆ ಅಷ್ಟು ಜೋರಾಗಿ ಜಿಗಿಯುವುದೇಕೆ? 2020ರ ಮಾರ್ಚಿನಲ್ಲಿ, ಕೊರೋನಾ ಕಾಲದ ಮೊದಲ ಗಾಬರಿಯಲ್ಲಿ, ಅದು 5,000 ಡಾಲರಿಗಿಂತ ಕೆಳಗಿತ್ತು. 2021ರ ಮೇ ತಿಂಗಳಲ್ಲಿ 10,700 ದಾಟಿತ್ತು. 2024ರ ಮೇನಲ್ಲಿ 11,000, 2025ರ ಡಿಸೆಂಬರಿನಲ್ಲಿ 12,000. ಈ ವರ್ಷಗಳಲ್ಲಿ ಜಗತ್ತಿನ ತಾಮ್ರವೇನೂ ಅರ್ಧಕ್ಕೆ ಇಳಿದುಹೋಗಿಲ್ಲ. ಬೇಡಿಕೆಗೂ ಪೂರೈಕೆಗೂ ಬೀಳುವ ಅಂತರ ಎಷ್ಟೋ ಸಲ ನೂರಕ್ಕೆ ಒಂದೆರಡು ಪಾಲಿನದ್ದು. ಆ ಸಣ್ಣ ಅಂತರವೇ ಬೆಲೆಯನ್ನು ಅಷ್ಟು ಮೇಲಕ್ಕೆ ತಳ್ಳುತ್ತದೆ ಎಂಬುದು ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಟೊಮೆಟೊ ಬೆಲೆ ಏರಿದರೆ ಕೋಲಾರದ ರೈತರು ಸಸಿ ನೆಡುತ್ತಾರೆ, ಎರಡು ಮೂರು ತಿಂಗಳಲ್ಲಿ ಹೊಸ ಫಸಲು ಬಂದು ಬೆಲೆ ಇಳಿಯುತ್ತದೆ. ತಾಮ್ರದ ಹೊಸ ಫಸಲಿಗೆ ಹದಿನೈದು ವರ್ಷ ಕಾಯಬೇಕು. ನಿಕ್ಷೇಪ ಪತ್ತೆಯಾದ ಮೇಲೆ ಕೊರೆದು ನೋಡಬೇಕು, ಪರವಾನಗಿ ಸಿಗಬೇಕು, ನೀರು, ರಸ್ತೆ, ಕರೆಂಟು ಬೇಕು. ಅಗೆದ ಮೇಲೂ ಸಿಗುವುದು ಸ್ವಲ್ಪ. ಲೋಕದ ಗಣಿ ತಾಮ್ರದಲ್ಲಿ ಸುಮಾರು ಕಾಲು ಭಾಗ ಕೊಡುವ ಚಿಲಿಯಲ್ಲಿ ಇಂದು ನೂರು ಕಿಲೋ ಕಲ್ಲು ಪುಡಿಮಾಡಿದರೆ ದಕ್ಕುವ ತಾಮ್ರ ಒಂದು ಕಿಲೋಗಿಂತಲೂ ಕಡಿಮೆ. ಒಳ್ಳೆಯ ಅದಿರನ್ನು ಹಿಂದಿನ ತಲೆಮಾರುಗಳೇ ತೆಗೆದು ಬಳಸಿಬಿಟ್ಟಿವೆ.

ಕೊಳ್ಳುವವರೂ ಕಾಯುವ ಹಾಗಿಲ್ಲ. ಗೋಡೆ ಗಿಲಾವಿಗೆ ಬಂದಿರುವಾಗ "ವೈರು ದುಬಾರಿ, ಮುಂದಿನ ವರ್ಷ ಎಳೆಸೋಣ" ಎನ್ನಲು ಯಾರಿಗೂ ಆಗದು. ಟ್ರಾನ್ಸ್‌ಫಾರ್ಮರ್, ಎಲೆಕ್ಟ್ರಿಕ್ ಕಾರು, ಸೋಲಾರ್ ಪಾರ್ಕು, ಕಂಪ್ಯೂಟರುಗಳ ಡೇಟಾ ಸೆಂಟರು, ಎಲ್ಲದಕ್ಕೂ ಇದೇ ಮಾತು. ಒಂದು ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿನ ಮೂರು ನಾಲ್ಕು ಪಟ್ಟು ತಾಮ್ರ ಬೇಕು. ಶುದ್ಧ ತಾಮ್ರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಚೀನಾ ಒಂದೇ ಬಳಸುತ್ತದೆ. ಅಲ್ಲಿ ಕಾರ್ಖಾನೆಗಳು ಚುರುಕಾದರೆ ಹಾಸನದಲ್ಲಿ ಮನೆ ಕಟ್ಟುವವರ ಬಜೆಟ್ಟು ಬದಲಾಗುತ್ತದೆ.

ಬೇಡಿಕೆ ಬಗ್ಗುವುದಿಲ್ಲ, ಪೂರೈಕೆಯೂ ಬಗ್ಗುವುದಿಲ್ಲ. ನಡುವೆ ಇರುವುದು ಎಕ್ಸ್‌ಚೇಂಜುಗಳ ಗೋದಾಮಿನ ದಾಸ್ತಾನು. ಅದು ತೆಳುವಾದಾಗ ಏನಾಗುತ್ತದೆಂದು 2021ರ ಅಕ್ಟೋಬರಿನಲ್ಲಿ ಕಂಡಿತು. ಲಂಡನ್ ಎಕ್ಸ್‌ಚೇಂಜಿನ ಗೋದಾಮುಗಳಲ್ಲಿ ಯಾರಾದರೂ ಬಂದು ಕೊಳ್ಳಬಹುದಾದ ತಾಮ್ರ ಸುಮಾರು 14,000 ಟನ್ನಿಗೆ ಇಳಿಯಿತು. ವರ್ಷಕ್ಕೆ ಎರಡು ಕೋಟಿ ಟನ್ನಿಗೂ ಹೆಚ್ಚು ಬಳಸುವ ಲೋಕಕ್ಕೆ ಅದು ಒಂದು ದಿನಕ್ಕೂ ಸಾಲದು. ಇವತ್ತೇ ತಾಮ್ರ ಬೇಕು ಎನ್ನುವವರು ಮೂರು ತಿಂಗಳು ಕಾಯುವವರಿಗಿಂತ ಟನ್ನಿಗೆ 1,000 ಡಾಲರ್ ಹೆಚ್ಚು ಕೊಡಬೇಕಾಯಿತು. ಎಕ್ಸ್‌ಚೇಂಜು ನಿಯಮ ಬಿಗಿಮಾಡಿ ಮಧ್ಯೆ ಬರಬೇಕಾಯಿತು.

ಇಂಥ ಸ್ಥಿತಿಯಲ್ಲಿ ಒಂದು ಗಣಿ ನಿಂತರೂ ಸಾಕು. 2023ರ ನವೆಂಬರಿನಲ್ಲಿ ಪನಾಮಾದ ಸುಪ್ರೀಂ ಕೋರ್ಟ್ ಅಲ್ಲಿನ ಕೋಬ್ರೆ ಪನಾಮಾ ತಾಮ್ರದ ಗಣಿಯ ಒಪ್ಪಂದ ಸಂವಿಧಾನಬಾಹಿರ ಎಂದಿತು, ಗಣಿ ಮುಚ್ಚಿತು. 2025ರ ಜುಲೈ 31ರಂದು ಚಿಲಿಯ ಎಲ್ ತೆನಿಯೆಂತೆ ಗಣಿಯಲ್ಲಿ ಭೂಮಿ ಕಂಪಿಸಿ ಸುರಂಗ ಕುಸಿದು ಆರು ಮಂದಿ ಸತ್ತರು. ಅದೇ ವರ್ಷದ ಸೆಪ್ಟೆಂಬರ್ 8ರಂದು ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯ ಒಳಕ್ಕೆ ಕೆಸರು ನುಗ್ಗಿ ಏಳು ಮಂದಿ ಪ್ರಾಣ ಬಿಟ್ಟರು. ಪೇಪರಿನ ವಾಣಿಜ್ಯ ಪುಟದಲ್ಲಿ ಇವು ಶೇಕಡಾವಾರು ಏರಿಕೆಯ ಸುದ್ದಿಯಾಗಿ ಬರುತ್ತವೆ. ಆ ಏರಿಕೆಯ ಹಿಂದೆ ನೆಲದಡಿ ಉಳಿದವರ ಮನೆಮಂದಿ ಇದ್ದಾರೆಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನಮ್ಮ ದೇಶದ ಕಥೆಯಲ್ಲೂ ಅಂಥದೊಂದು ದಿನವಿದೆ. ತೂತ್ತುಕುಡಿಯ ಸ್ಟರ್ಲೈಟ್ ತಾಮ್ರ ಘಟಕದ ಮಾಲಿನ್ಯದ ವಿರುದ್ಧ 2018ರ ಮೇ 22ರಂದು ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ 13 ಮಂದಿ ಬಲಿಯಾದರು. ವರ್ಷಕ್ಕೆ 4 ಲಕ್ಷ ಟನ್ ಶುದ್ಧ ತಾಮ್ರ ಮಾಡಬಲ್ಲ ಘಟಕ ಮುಚ್ಚಿತು. ಅಲ್ಲಿಯವರೆಗೆ ಶುದ್ಧ ತಾಮ್ರವನ್ನು ಹೊರಗೆ ಮಾರುತ್ತಿದ್ದ ಭಾರತ ಕೊಳ್ಳುವ ದೇಶವಾಯಿತು. ಊರಿನ ಜನ ಶುದ್ಧ ಗಾಳಿ, ನೀರು ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ತಾಮ್ರ ಶುದ್ಧಮಾಡುವ ಖರ್ಚಿನಲ್ಲಿ ಆ ಗಾಳಿ, ನೀರಿನ ಖರ್ಚೂ ಮೊದಲಿನಿಂದಲೇ ಸೇರಿರಬೇಕಿತ್ತು. ನಮ್ಮ ಕರ್ನಾಟಕದಲ್ಲೂ ಚಿತ್ರದುರ್ಗದ ಹತ್ತಿರ ಇಂಗಳಧಾಳದಲ್ಲಿ, ಹಾಸನ ಜಿಲ್ಲೆಯ ಕಲ್ಯಾಡಿಯಲ್ಲಿ ತಾಮ್ರದ ಗಣಿಗಳು ನಡೆದದ್ದುಂಟು. ಸಣ್ಣ ಗಣಿಗಳು ಅವು.

ಕೆಲವು ಸಲ ತಾಮ್ರ ಇದ್ದೂ ಸಿಗುವುದಿಲ್ಲ. 2025ರಲ್ಲಿ ಅಮೆರಿಕ ತಾಮ್ರದ ಮೇಲೆ ಸುಂಕ ಹಾಕುತ್ತದೆಂಬ ಸುದ್ದಿ ಹಬ್ಬಿದಾಗ, ಸುಂಕ ಬೀಳುವ ಮೊದಲೇ ಮುಟ್ಟಿಸಬೇಕೆಂದು ವ್ಯಾಪಾರಿಗಳು ಹಡಗುಗಟ್ಟಲೆ ತಾಮ್ರವನ್ನು ಅಲ್ಲಿಗೆ ಸಾಗಿಸಿದರು, ಉಳಿದವರ ಪಾಲಿಗೆ ಅಷ್ಟು ಕಡಿಮೆಯಾಯಿತು. ಕಡೆಗೆ ಜುಲೈ ಕೊನೆಯಲ್ಲಿ ಶುದ್ಧ ತಾಮ್ರಕ್ಕೆ ವಿನಾಯಿತಿ ಘೋಷಣೆಯಾದಾಗ ಅಮೆರಿಕದ ಪೇಟೆಯಲ್ಲಿ ಬೆಲೆ ಒಂದೇ ದಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು.

ಬೆಲೆ ಏರಿದಾಗ ಜನ ಏನು ಮಾಡುತ್ತಾರೆ ಎಂಬುದು ನನಗೆ ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ. 1960ರ ದಶಕದಲ್ಲಿ ತಾಮ್ರ ದುಬಾರಿಯಾದಾಗ ಅಮೆರಿಕದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಅಲ್ಯೂಮಿನಿಯಂ ವೈರು ಎಳೆದರು. ಅಲ್ಯೂಮಿನಿಯಂ ಕಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಸ್ಕ್ರೂ ಸಡಿಲವಾಗಿ, ಜಾಯಿಂಟಿನಲ್ಲಿ ಶಾಖ ಕೂಡಿ ಮನೆಗಳಿಗೆ ಬೆಂಕಿ ಬಿತ್ತು. ಆ ಕಾಲದ ಅಂಥ ಮನೆಗಳಲ್ಲಿ ಜಾಯಿಂಟುಗಳು ಬೆಂಕಿಯ ಅಪಾಯದ ಮಟ್ಟಕ್ಕೆ ಹೋಗುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿತು. ಇಂದು ನಮ್ಮ ಪೇಟೆಗೆ ಅಲ್ಯೂಮಿನಿಯಂ ವೈರು ಇನ್ನೊಂದು ರೂಪದಲ್ಲಿ ಬರುತ್ತದೆ: ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ತುದಿಯನ್ನು ಬ್ಲೇಡಿನಿಂದ ಹೆರೆದರೆ ಬೆಳ್ಳಗೆ ಕಾಣುತ್ತದೆ. ಎತ್ತಿದರೆ ಬಂಡಲು ಹಗುರ. ಆದ್ದರಿಂದ ಐಎಸ್‌ಐ ಗುರುತು ನೋಡಿ, ಬಂಡಲನ್ನು ತೂಗಿಸಿ. 2.5ರ ಬಂಡಲು ಹೊದಿಕೆ ಸೇರಿಯೂ 2 ಕಿಲೋ ತೂಗದಿದ್ದರೆ ವಾಪಸ್ ಕೊಡಿ. ಗೀಸರಿಗೆ 4 ಬೇಕೆಂದು ಎಲೆಕ್ಟ್ರಿಷಿಯನ್ ಹೇಳಿದ ಕಡೆ 2.5 ಹಾಕಿಸಿ ದುಡ್ಡು ಉಳಿಸಬೇಡಿ.

ರೈತರಿಗೂ ಒಂದು ಮಾತು. ಬೋರ್‌ವೆಲ್ ಮೋಟರ್ ಸುಟ್ಟು ವೈಂಡಿಂಗಿಗೆ ಕೊಟ್ಟಾಗ ಹೊಸ ತಂತಿಯನ್ನು ಕಿಲೋ ಲೆಕ್ಕದಲ್ಲಿ ಹಾಕುತ್ತಾರಲ್ಲ, ಬಿಚ್ಚಿದ ಹಳೆಯ ತಂತಿಯೂ ತಾಮ್ರವೇ. ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ, ಹಾಗಾಗಿ ಹಳೆಯದಕ್ಕೂ ಒಳ್ಳೆಯ ಬೆಲೆಯಿದೆ. ಎದುರಿಗೇ ತೂಗಿಸಿ, ಬಿಲ್ಲಿನಲ್ಲಿ ಕಳೆಯಿರೆಂದು ಕೇಳಿ. ಮನೆಯ ಹಳೆ ವೈರು ಗುಜರಿಗೆ ಹಾಕುವುದಿದ್ದರೆ ಸುಡಬೇಡಿ. ಪಿವಿಸಿ ಹೊಗೆ ವಿಷ, ಬೆಂಕಿಗೆ ತಾಮ್ರ ಕಪ್ಪಿಟ್ಟು ಬೆಲೆಯೂ ತಗ್ಗುತ್ತದೆ. ಸುಲಿದುಕೊಟ್ಟ ತಂತಿಗೇ ಗುಜರಿಯವರು ಹೆಚ್ಚು ಕೊಡುತ್ತಾರೆ.