ಅಲ್ಲಾದೀನನ ದೀಪ ಮತ್ತು ನಮ್ಮ ಮಕ್ಕಳು
(ಗೊರೂರು: ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಇರಲಿ.

ಸಹೋದರರೇ, ಶಾಲೆಗೆ ರಜೆ ಬಂದಿದೆ. ಮಾಯಾಮಂತ್ರದ ಸಿನಿಮಾಗಳನ್ನು ಪುಟ್ಟ ಮಕ್ಕಳಿಗೆ ತೋರಿಸಬಹುದೇ ಎಂದು ಹಲವು ತಂದೆತಾಯಂದಿರು ಕೇಳುತ್ತಿದ್ದಾರೆ. ಕೆಲವರು ಎಲ್ಲವನ್ನೂ ಬೇಡವೆನ್ನುತ್ತಾರೆ. ಕೆಲವರು ಮಗು ಅಳು ನಿಲ್ಲಿಸಿದರೆ ಸಾಕೆಂದು ಮೊಬೈಲು ಕೊಟ್ಟುಬಿಡುತ್ತಾರೆ. ಎರಡೂ ಸರಿಯಲ್ಲ.

ಕಲ್ಪನೆ ಪಾಪವಲ್ಲ. ಹಝ್ರತ್ ಆಯಿಶಾ(ರ)ರ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಯ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದವಲ್ಲ ಎಂದು ಆಯಿಶಾ(ರ) ಉತ್ತರಿಸಿದಾಗ ಅವರು ಮನಸಾರೆ ನಕ್ಕರು. ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ.

ಹಾಗಾದರೆ ನೋಡಬೇಕಾದ್ದೇನು? ಮೊದಲನೆಯದು ಭಯ. ಪ್ರಯಾಣದಲ್ಲಿ ಮಲಗಿದ್ದ ಸಂಗಾತಿಯ ಹಗ್ಗವನ್ನು ಒಬ್ಬರು ತಮಾಷೆಗೆ ಎತ್ತಿಕೊಂಡಾಗ ಆತ ಬೆಚ್ಚಿಬಿದ್ದರು. ಮುಸ್ಲಿಮನನ್ನು ಹೆದರಿಸುವುದು ಸಲ್ಲದೆಂದು ಪ್ರವಾದಿವರ್ಯರು(ಸ) ತಿಳಿಸಿದರು. ದೊಡ್ಡವರ ವಿಷಯದಲ್ಲೇ ಹೀಗಾದರೆ, ರಾತ್ರಿ ನಿದ್ದೆಗೆಟ್ಟು ಅಮ್ಮಿಯ ಸೆರಗು ಹಿಡಿಯುವ ಮಗುವಿನ ಪಾಡೇನು?

ಎರಡನೆಯದು, ಮಗು ಯಾರನ್ನು ಬೇಡಲು ಕಲಿಯುತ್ತದೆ ಎಂಬುದು. 2019ರಲ್ಲಿ ಬಂದ ಡಿಸ್ನಿಯ 'ಅಲ್ಲಾದೀನ್' ಚಿತ್ರವನ್ನೇ ನೋಡಿ. ಅದರಲ್ಲಿ ಒಳ್ಳೆಯದಿದೆ. ರಾಜಕುಮಾರನೆಂದು ಹೇಳಿದ ಸುಳ್ಳೇ ಹುಡುಗನಿಗೆ ಉರುಳಾಗುತ್ತದೆ. ದುರಾಸೆಯ ವಜೀರ ತನ್ನ ಆಸೆಯಿಂದಲೇ ದೀಪದೊಳಗೆ ಸೆರೆಯಾಗುತ್ತಾನೆ. ಹತ್ತು ವರ್ಷದ ಮಗುವಿನೊಡನೆ ಇದನ್ನೆಲ್ಲ ಮಾತಾಡಬಹುದು. ಐದು ವರ್ಷದ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಒಂದೇ: ದೀಪ ಉಜ್ಜಿದರೆ ಜಿನ್ನ್ ಬಂದು ಕೇಳಿದ್ದನ್ನು ಕೊಡುತ್ತದೆ.

ಬೇರೆ ಮಕ್ಕಳಿಗೆ ಜಿನ್ನ್ ಬರೀ ಕಥೆ. ನಮ್ಮ ಮಕ್ಕಳು ಮದ್ರಸಾದಲ್ಲಿ ಸೂರಃ ಅಲ್‌ಜಿನ್ನ್ ಓದುತ್ತಾರೆ. ಜಿನ್ನ್‌ಗಳು ಅಲ್ಲಾಹನ ಸೃಷ್ಟಿ, ಅವುಗಳಲ್ಲೂ ಒಳ್ಳೆಯವರು ಕೆಟ್ಟವರು ಇದ್ದಾರೆ ಎಂದು ಕಲಿಯುತ್ತಾರೆ. ಪುಟ್ಟ ಮಗು ಎರಡನ್ನೂ ಬೆರೆಸಿಬಿಡುತ್ತದೆ. ಬಾಲಕರಾಗಿದ್ದ ಇಬ್ನು ಅಬ್ಬಾಸ್(ರ)ರನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ, ಬೇಡುವುದಿದ್ದರೆ ಅಲ್ಲಾಹನನ್ನೇ ಬೇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಆ ಪಾಠ ಮಗುವಿನಲ್ಲಿ ಮೊದಲು ನೆಲೆಯೂರಲಿ, ದೀಪದ ಕಥೆ ಆಮೇಲೆ ಬರಲಿ.

ಸರಕಾರದ ಪ್ರಮಾಣಪತ್ರವೂ ನೆರವಾಗುತ್ತದೆ. 2023ರ ತಿದ್ದುಪಡಿಯ ನಂತರ ಯು/ಎ ಚಿತ್ರಗಳಿಗೆ 7+, 13+, 16+ ಎಂಬ ಮೂರು ವಯೋಮಿತಿಗಳಿವೆ. ಆದರೆ ಅದು ಹೆತ್ತವರಿಗೆ ಕೊಟ್ಟ ಸೂಚನೆ ಮಾತ್ರ. 16+ ಚಿತ್ರಕ್ಕೆ ನೀವೇ ಮಗುವನ್ನು ಕರೆದೊಯ್ದರೆ ಕಾನೂನು ತಡೆಯುವುದಿಲ್ಲ. ನಿಮ್ಮ ಮಗು ಕತ್ತಲೆಗೆ ಹೆದರುತ್ತದೆಯೇ ಎಂಬುದು ಮಂಡಳಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ನಮ್ಮೂರ ಹೇಮಾವತಿ ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ನದಿಪಾತ್ರದ ಜನರನ್ನು ಎಚ್ಚರಿಸುತ್ತಾರೆ. ನೀರು ಕೆಟ್ಟದ್ದೆಂದಲ್ಲ, ಕೆಳಗೆ ಜನರಿದ್ದಾರೆಂದು. ಹಾಗೆಯೇ ಮೊದಲು ನೀವು ಚಿತ್ರ ನೋಡಿ. ತೋರಿಸುವುದಾದರೆ ಪಕ್ಕದಲ್ಲಿ ಕುಳಿತು ತೋರಿಸಿ, ಮಲಗುವ ಹೊತ್ತಿಗೆ ಬೇಡ. ಮಗು ಕಣ್ಣು ಮುಚ್ಚಿಕೊಂಡರೆ ನಗಬೇಡಿ, ನಿಲ್ಲಿಸಿ. ಮುಗಿದ ಮೇಲೆ ಏನು ನೋಡಿದೆ ಎಂದು ಕೇಳಿ.

ಪ್ರತಿಯೊಬ್ಬನೂ ತನ್ನ ಮನೆಯವರ ಮೇಲ್ವಿಚಾರಕ, ಅವರ ಬಗ್ಗೆ ನಾಳೆ ವಿಚಾರಣೆಯಿದೆ. ಆ ಹೊಣೆಯನ್ನು ಮೊಬೈಲಿಗೆ ವಹಿಸಿ ಕೈತೊಳೆದುಕೊಳ್ಳಲಾಗದು.

ಅಲ್ಲಾಹನು ನಮ್ಮ ಮಕ್ಕಳನ್ನು ಕಣ್ಮಣಿಗಳನ್ನಾಗಿ ಮಾಡಲಿ. ಆಮೀನ್.