ಮನಿ ಹೋದ ಮ್ಯಾಲೂ ಉಳಿಯೂ ಸಾಲ



ಒತ್ತಿ ಹಾಕಿದ ಮನೆಯನ್ನು ಬ್ಯಾಂಕು ಜಪ್ತಿ ಮಾಡಿ ಮಾರಿತೆಂದರೆ ಸಾಲ ಹರೀತು ಎಂದು ನಮ್ಮ ಮಂದಿ ತಿಳಕೊಂಡಾರ. ‘ಮನೀನ ಲಿಲಾವು ಆತು, ಇನ್ನೇನು ಕೊಡೂದೈತಿ?’ ಅಂತಾರ. ಕೊಡೂದೈತಿ. ಲೆಕ್ಕಕ್ಕೆ ಹೇಳತೇನಿ: ಬಾಕಿ 6 ಲಕ್ಷ, ಹರಾಜಿನಲ್ಲಿ ಬಂದದ್ದು 4 ಲಕ್ಷ. ಉಳಿದ 2 ಲಕ್ಷ, ಅದರ ಮ್ಯಾಲ ಹರಾಜಿನ ಖರ್ಚು, ನಿಮ್ಮ ತಲೆಗೆ. ನಿಮಗೆ ಜಾಮೀನು ನಿಂತವನ ತಲೆಗೆ.

ಆದ್ದರಿಂದ ಮನೆ ಉಳಿಯದಿದ್ದರೂ ಮನೆಯ ಬೆಲೆಗಾಗಿ ಜಗಳ ಮಾಡಬೇಕು.

2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ ದಾವೆ ಹೂಡದೆಯೇ ಬ್ಯಾಂಕು ಮನೆ ಮಾರಬಹುದು. ಸಹಕಾರಿ ಬ್ಯಾಂಕಿಗೂ ಆ ಅಧಿಕಾರ ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. (1905ರಲ್ಲಿ ಸಹಕಾರಿ ಸಂಘ ಹುಟ್ಟಿದ್ದು ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ. ಅದೇ ಸಹಕಾರದ ಹೆಸರಿನಲ್ಲಿ ಈಗ ಬೀಗ!)

ಮೊದಲು 60 ದಿನದ ನೋಟೀಸು ಬರತೈತಿ. ಅದನ್ನು ಮಡಚಿ ಜಂತಿಗೆ ಸಿಕ್ಕಿಸಬ್ಯಾಡ್ರಿ. ಬಡ್ಡಿ ಲೆಕ್ಕ ತಪ್ಪಿದ್ದರೆ ತಕರಾರು ಬರೆದುಕೊಡಿ. ಒಪ್ಪದಿದ್ದರೆ 15 ದಿನದೊಳಗೆ ಅವರು ಕಾರಣ ತಿಳಿಸಲೇಬೇಕು. ಈ ದಿನಗಳಲ್ಲೇ ಗಿರಾಕಿ ಹುಡುಕಿ. ಬ್ಯಾಂಕಿನ ಒಪ್ಪಿಗೆ ಬರಹದಲ್ಲಿ ಪಡೆದು ನೀವೇ ಮಾರಿದರೆ ಹರಾಜಿಗಿಂತ ನಾಲ್ಕು ಕಾಸು ಹೆಚ್ಚು ಬಂದೀತು. ಇಷ್ಟು ಕಟ್ಟಿದರೆ ಬಾಕಿಯೆಲ್ಲ ಚುಕ್ತಾ ಎಂದು ಒಂದೇ ಗಂಟಿನ ತೀರುವಳಿಗೂ ಕೇಳಿ. ಮ್ಯಾನೇಜರನ ಬಾಯಿಮಾತು ನಂಬಬ್ಯಾಡ್ರಿ, ಕಾಗದ ಕೇಳ್ರಿ.

ಹರಾಜಿಗೇ ಹೋದರೆ, ಮಾನ್ಯತೆ ಪಡೆದ ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ ಕನಿಷ್ಠ ಬೆಲೆ ಗೊತ್ತುಮಾಡಬೇಕು. ಇಲ್ಲೇ ಮೋಸ. ಕೇರಿಯ ಮನೆ ಅಂದೊಡನೆ ಬೆಲೆ ಇಳಿಯುತ್ತದೆ. ಅದೇ ಇಟ್ಟಿಗೆ, ಅದೇ ಸಿಮೆಂಟು, ಆದರೆ ನಮ್ಮ ಗೋಡೆಗೂ ಜಾತಿ ಅಂಟಿಸಿದ್ದಾರೆ. ನೀವೂ ಒಬ್ಬ ಮೌಲ್ಯಮಾಪಕನಿಂದ ಬೆಲೆ ಬರೆಸಿ ಇಟ್ಟುಕೊಳ್ಳಿ. ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ ಕೆಳಗೆ ಮಾರಲು ಸಾಲಗಾರನ ಒಪ್ಪಿಗೆ ಬೇಕು. ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಿರೋ, ಉಳಿಯುವ ಸಾಲವನ್ನು ನಿಮ್ಮ ಕೈಯಾರೆ ಬೆಳೆಸಿದಂತೆ. ಮನೆ ವಶಪಡಿಸಿಕೊಂಡದ್ದು ಅನ್ಯಾಯವೆನಿಸಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಗದಗಿನಿಂದ ಅಷ್ಟು ದೂರ ಕೂಲಿ ಬಿಟ್ಟು ಅಲೆಯುವವರು ಯಾರು ಎಂದು ಕಾಯ್ದೆ ಬರೆದವರು ಯೋಚಿಸಲಿಲ್ಲ.

ಇಷ್ಟಾಗಿಯೂ ಬಾಕಿ ಉಳಿಯಿತೆನ್ನಿ. ಅದಕ್ಕೆ ಬ್ಯಾಂಕು ಬೇರೆ ದಾವೆ ಹೂಡಬೇಕು. 20 ಲಕ್ಷಕ್ಕಿಂತ ಕಡಿಮೆಯಾದರೆ ಸಿವಿಲ್ ಕೋರ್ಟಿನಲ್ಲೇ. ಡಿಕ್ರಿ ಬಂದರೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಮುಟ್ಟಗೊಡುವುದಿಲ್ಲ: ಉಡುವ ಬಟ್ಟೆ, ಅಡಿಗಿ ಪಾತ್ರೆ, ಹಾಸಿಗೆ, ತಾಳಿ, ಕೂಲಿಕಾರನ ಕೂಲಿ, ಕಸುಬಿನ ಸಾಮಾನು. ಒತ್ತಿ ಇಟ್ಟಿರದಿದ್ದರೆ ಬೆಟಗೇರಿಯ ನೇಕಾರನ ಕೈಮಗ್ಗವಾಗಲಿ, ಲಕ್ಷ್ಮೇಶ್ವರದ ಚಮ್ಮಾರನ ರಂಪಿಗೆಯಾಗಲಿ ಜಪ್ತಿಯಾಗುವಂತಿಲ್ಲ. ಶಿರಹಟ್ಟಿ, ಮುಂಡರಗಿಯ ಹೊಲದಾಗ ದುಡಿದ ಕೂಲಿಯೂ ಅಷ್ಟೆ. ವಸೂಲಿಯವ ಒಳಗೆ ಕಾಲಿಟ್ಟರೆ ‘ಕೋರ್ಟಿನ ಕಾಗದ ತೋರಸಪ್ಪಾ’ ಅನ್ನಿರಿ.

ನೋಟೀಸು ಬಂದವರು ಸಭೆ ಮುಗಿದ ಮೇಲೆ ಏಳಬ್ಯಾಡ್ರಿ. ಕಾಗದ, ಪೆನ್ನು ತಂದೀವಿ. ತಕರಾರು ಇಲ್ಲೇ ಕೂತು ಬರೆಯೋಣ.